ನಾಲ್ಕು ಬೋಲ್ಟ್ ಕೊಟ್ಟು ಒಂದು ಡ್ರ್ಯಾಗನ್ ತಗೊಂಡೆ, ಮೋಸ ಹೋದ್ನಾ?

ಮೊದಲು ಪ್ರಶ್ನೆ ಓದ್ಬಿಡಿ. ಇನ್ನೂ ಉದ್ದ ಇತ್ತು, ಸ್ವಲ್ಪ ಕತ್ತರಿಸಿದ್ದೀನಿ.

"ಸರ್ ನಮಸ್ತೆ. ನಂದು ಪೊನ್ನಂಪೇಟೆ ಹತ್ರ, ಡಿಗ್ರಿ ಕೊನೇ ವರ್ಷ. ಎರಡು ವರ್ಷದಿಂದ ಮ್ಯಾಜಿಕ್ ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಆಡ್ತಿದ್ದೀನಿ, ಆಡೋದು ಅಂದ್ರೆ ಕಸಿನ್ಸ್ ಎಲ್ಲ ರಜೆಗೆ ಮನೆಗೆ ಬಂದಾಗ ಅಷ್ಟೇ. ಹೋದ ಪುತ್ತರಿಗೆ ಬೆಂಗಳೂರಿಂದ ಬಂದಿದ್ದ ದೊಡ್ಡಪ್ಪನ ಮಗ ನನ್ನ ನಾಲ್ಕು ಲೈಟ್ನಿಂಗ್ ಬೋಲ್ಟ್ ತಗೊಂಡು ಒಂದು ಫಾಯಿಲ್ (ಹೊಳೆಯೋ) ಶಿವನ್ ಡ್ರ್ಯಾಗನ್ ಕೊಟ್ಟ. ನನಗೆ ಭಾರಿ ಖುಷಿ ಆಯ್ತು, ಯಾಕಂದ್ರೆ ಅದು ರೇರ್, ಚಿನ್ನದ ಬಣ್ಣದ ಗುರುತು ಇದೆ, 5/5 ಹಾರೋ ಡ್ರ್ಯಾಗನ್, ಬೋಲ್ಟ್ ನೋಡಿದ್ರೆ ಬರೀ ಕಾಮನ್. ಆದ್ರೆ ಅವತ್ತಿಂದ ಅವನ ಎದುರು ಒಂದು ಆಟನೂ ಗೆದ್ದಿಲ್ಲ. ತಂಗಿ 'ನಿಂಗೆ ಟೋಪಿ ಹಾಕ್ದ' ಅಂತ ನಗ್ತಾಳೆ. ಒಂದು ಕಾರ್ಡ್ ಸ್ಟ್ರಾಂಗಾ ಅಲ್ವಾ ಅಂತ ಹೆಂಗೆ ಗೊತ್ತು ಮಾಡ್ಕೊಳ್ಳೋದು? ನೆಟ್‌ನಲ್ಲಿ ಒಬ್ಬೊಬ್ರು ಒಂದೊಂದು ರೇಟಿಂಗ್ ಕೊಡ್ತಾರೆ. ಬೋಲ್ಟ್ ವಾಪಸ್ ಕೇಳ್ಲಾ, ಬೂಸ್ಟರ್ ಪ್ಯಾಕ್ (ಒಳಗೆ ಯಾವ ಕಾರ್ಡ್ ಇದೆ ಗೊತ್ತಿಲ್ದ ಸೀಲ್ ಪ್ಯಾಕ್) ತಗೊಳ್ಲಾ, ಇಲ್ಲ ಡ್ರ್ಯಾಗನ್ ಇಟ್ಕೊಂಡೇ ಡೆಕ್ ಕಟ್ಲಾ? ಇನ್ನೊಂದು ವಿಷ್ಯ, ಈ ಮಳೇಲಿ ಡ್ರ್ಯಾಗನ್ ಕಾರ್ಡ್ ಬಾಗಿಬಿಟ್ಟಿದೆ, ಬೋಲ್ಟ್ ಯಾವತ್ತೂ ಬಾಗಿರ್ಲಿಲ್ಲ. ಡೂಪ್ಲಿಕೇಟ್ ಇರ್ಬಹುದಾ?"

ನಿಮ್ಮ ತಂಗಿ ನಗೋದ್ರಲ್ಲಿ ಸ್ವಲ್ಪ ನ್ಯಾಯ ಇದೆ ಬಿಡಿ. ಆದ್ರೆ ಮೋಸ ಅಂತ ನಾನು ಹೇಳಲ್ಲ. ನಿಮ್ಮ ಅಣ್ಣನಿಗೆ ಯಾವುದು ಬೇಕು ಅಂತ ಗೊತ್ತಿತ್ತು, ನಿಮಗೆ ಗೊತ್ತಿರ್ಲಿಲ್ಲ, ಅಷ್ಟೇ. ಬೆಂಗಳೂರಲ್ಲಿ ಎಂಟು ವರ್ಷ ಕಾರ್ಡ್ ಅಂಗಡಿ ಕೌಂಟರ್ ಹಿಂದೆ ಕೂತು ಸಿಂಗಲ್ಸ್ (ಬಿಡಿ ಕಾರ್ಡ್) ಕೊಂಡು ಮಾರಿದೋನು ನಾನು, ಇದೇ ವ್ಯಾಪಾರ, ಇದೇ ಡ್ರ್ಯಾಗನ್ನು, ಎಷ್ಟು ಸಲ ಕಣ್ಣೆದುರು ನಡೆದಿದೆ ಅಂತ ಲೆಕ್ಕ ಇಟ್ಟಿಲ್ಲ. ಹೆಚ್ಚುಕಮ್ಮಿ ಎಲ್ಲರೂ ಒಂದ್ಸಲ ಮಾಡಿರ್ತಾರೆ, ನಾನೂ ಮಾಡಿದ್ದೀನಿ. (ಶಿವನ್ ಅಂದ್ರೆ ನಮ್ಮ ಶಿವ ಅಲ್ಲ ಮತ್ತೆ, ಆ ಆಟದ ಕಥೇಲಿ ಬರೋ ಶಿವ್ ಅನ್ನೋ ಬೆಂಕಿಬೆಟ್ಟದ ನಾಡಿನ ಹೆಸರು. ಒಬ್ಬ ಹುಡುಗ ಅದನ್ನ ದೇವರ ಫೋಟೋ ಪಕ್ಕ ಇಟ್ಟಿದ್ದ.)

ಆಟ ಗೊತ್ತಿಲ್ದೇ ಇರೋ ಓದುಗರಿಗೆ ಎರಡು ಮಾತು. ಮ್ಯಾಜಿಕ್ 1993ರಲ್ಲಿ ಬಂದ ಆಟ, ರಿಚರ್ಡ್ ಗಾರ್ಫೀಲ್ಡ್ ಅನ್ನೋ ಗಣಿತದ ಮನುಷ್ಯ ಮಾಡಿದ್ದು. ಇಬ್ಬರಿಗೂ 20 ಲೈಫ್, ಕನಿಷ್ಠ 60 ಕಾರ್ಡಿನ ಡೆಕ್, ಒಂದೇ ಹೆಸರಿನ ಕಾರ್ಡ್ ನಾಲ್ಕಕ್ಕಿಂತ ಜಾಸ್ತಿ ಹಾಕಂಗಿಲ್ಲ, ಬೇಸಿಕ್ ಲ್ಯಾಂಡ್ ಬಿಟ್ಟು. ಒಂದು ಟರ್ನ್‌ಗೆ ಒಂದೇ ಲ್ಯಾಂಡ್ ಇಳಿಸ್ಬಹುದು, ಲ್ಯಾಂಡ್ ಕೊಡೋ ಮಾನಾ ಅನ್ನೋದೇ ಆಟದ ದುಡ್ಡು. ಬೋಲ್ಟ್‌ಗೆ ಒಂದು ಮಾನಾ, ಯಾರಿಗೆ ಬೇಕಾದ್ರೂ 3 ಡ್ಯಾಮೇಜ್. ಡ್ರ್ಯಾಗನ್‌ಗೆ ಆರು ಮಾನಾ, ಅದ್ರಲ್ಲಿ ಎರಡು ಕೆಂಪು ಇರ್ಲೇಬೇಕು. ಅದು ಕ್ರೀಚರ್, ಅಂದ್ರೆ ಮೇಜಿನ ಮೇಲೆ ನಿಂತು ಹೊಡೆದಾಡೋ ಕಾರ್ಡ್; 5/5 ಅಂದ್ರೆ 5 ಡ್ಯಾಮೇಜ್ ಹೊಡೆಯುತ್ತೆ, 5 ಡ್ಯಾಮೇಜ್ ಬಿದ್ರೆ ಸಾಯುತ್ತೆ, ಆ ಎರಡನೇ ಐದಕ್ಕೆ ಟಫ್‌ನೆಸ್ ಅಂತಾರೆ.

ಈಗ ನಿಮ್ಮ ಮನೇಲೇ ಇರೋ ಉದಾಹರಣೆ ತಗೊಳ್ಳಿ. ಮದುವೆ ಮನೇಲಿ, ಮಳೆಗಾಲದ ಸಂಜೆ, ದೊಡ್ಡೋರು ಇಪ್ಪತ್ತೆಂಟು ಆಡೋದು ನೋಡಿರ್ತೀರಿ. ಅಲ್ಲಿ ರಾಜ ರಾಣಿಗೆ ಎಷ್ಟು ಪಾಯಿಂಟು? ಸೊನ್ನೆ. ಜಾಕಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಕಿರೀಟ ಇಟ್ಕೊಂಡ ರಾಜನ್ನ ಒಂಬತ್ತು ಹೊಡ್ಕೊಂಡ್ ಹೋಗುತ್ತೆ. ಅದೇ ಪ್ಯಾಕ್ ತಗೊಂಡು ರಮ್ಮಿಗೆ ಕೂತ್ರೆ ರಾಜ ಕೈಯಲ್ಲಿ ಉಳಿದ್ರೆ ಹತ್ತು ಪಾಯಿಂಟ್ ಹೊರೆ. ಕಾರ್ಡ್ ಅದೇ, ಚಿತ್ರ ಅದೇ, ಬೆಲೆ ಕಟ್ಟಿದ್ದು ಆಟದ ರೂಲು. ಇದು ನಿಮ್ಮ ತಾತನಿಗೆ ಗೊತ್ತಿರುತ್ತೆ, ನಮಗೆ ಹೊಳೆಯೋ ಕಾರ್ಡ್ ನೋಡಿದ ತಕ್ಷಣ ಮರೆತು ಹೋಗುತ್ತೆ.

ನಾನು ಕಾರ್ಡ್ ನೋಡೋ ರೀತಿ ಕಾಫಿ ಚೆರಿ ಮಾರೋ ರೀತಿನೇ. ಐವತ್ತು ಕೆಜಿ ಮೂಟೆ ಎಲ್ಲರದ್ದೂ ಐವತ್ತೇ ಕೆಜಿ, ಆದ್ರೆ ವ್ಯಾಪಾರಿ ಮೂಟೆ ತೂಕಕ್ಕೆ ದುಡ್ಡು ಕೊಡಲ್ಲ, ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ ಓಟಿ (ಔಟ್‌ಟರ್ನ್, ಸಿಪ್ಪೆ ಹೋಗಿ ಉಳಿಯೋ ಬೀಜ) ಎಷ್ಟು ಬಂತು ನೋಡ್ತಾನೆ. ಕಾರ್ಡಿಗೂ ಅದೇ ಕೇಳ್ಬೇಕು: ಸಿಪ್ಪೆ ತೆಗೆದ ಮೇಲೆ ಉಳಿಯೋದೆಷ್ಟು. 5/5, ಹಾರೋದು, ಹೊಳಪು, ಇವೆಲ್ಲ ಮೂಟೆ ತೂಕ. ನಾನು ಕೊಟ್ಟಿದ್ದೆಷ್ಟು, ಯಾವಾಗ ಕೈಗೆ ಬಂತು, ಎದುರಿನವನು ಅದನ್ನ ಎಷ್ಟರಲ್ಲಿ ತೆಗೆದುಹಾಕ್ದ, ಇದು ಓಟಿ.

ಹಾಗಾದ್ರೆ ನಿಮ್ಮ ಡ್ರ್ಯಾಗನ್‌ದು ಓಟಿ ತೆಗೆಯೋಣ. ಸಾಮಾನ್ಯ 60ರ ಡೆಕ್‌ನಲ್ಲಿ 24 ಲ್ಯಾಂಡ್ ಅಂತ ಇಟ್ಕೊಳ್ಳಿ, ಅಂದ್ರೆ ಐದು ಕಾರ್ಡಿಗೆ ಎರಡು ಲ್ಯಾಂಡ್. ಆರು ಲ್ಯಾಂಡ್ ಕಾಣ್ಬೇಕು ಅಂದ್ರೆ ಸರಾಸರಿ 15 ಕಾರ್ಡ್ ನೋಡ್ಬೇಕು. ಮೊದಲ ಕೈಗೆ 7, ಆಮೇಲೆ ಟರ್ನ್‌ಗೆ ಒಂದು, ಎರಡನೇದಾಗಿ ಆಡೋನಿಗೆ ಎಂಟನೇ ಟರ್ನ್, ಮೊದಲು ಆಡೋನಿಗೆ ಮೊದಲ ಟರ್ನ್ ಡ್ರಾ ಇಲ್ಲ, ಹಾಗಾಗಿ ಒಂಬತ್ತನೇ ಟರ್ನ್. ಆರು ಮಾನಾ ಕಾರ್ಡು ಆರನೇ ಟರ್ನ್‌ಗೆ ಬರುತ್ತೆ ಅಂತ ನೀವು ಅಂದ್ಕೊಂಡಿರ್ತೀರಿ, ಎಲ್ಲರೂ ಅಂದ್ಕೊಳ್ತಾರೆ, ಬರಲ್ಲ, ಬಂದ್ರೆ ಅದೃಷ್ಟ. ಜೊತೆಗೆ ನಿಮ್ಮ ಹತ್ರ ಇರೋದು ಒಂದೇ ಡ್ರ್ಯಾಗನ್. ಆರನೇ ಟರ್ನ್ ಹೊತ್ತಿಗೆ 13 ಕಾರ್ಡ್ ನೋಡಿರ್ತೀರಿ ಅಂದ್ರೆ ಅದು ಕೈಗೆ ಬಂದಿರೋ ಸಾಧ್ಯತೆ 60ಕ್ಕೆ 13, ಹೆಚ್ಚುಕಮ್ಮಿ ಐದು ಆಟಕ್ಕೆ ಒಂದ್ಸಲ. ನಾಲ್ಕು ಬೋಲ್ಟ್ ಇದ್ದಿದ್ರೆ ಒಂದಾದ್ರೂ ಮೊದಲ ಏಳರಲ್ಲೇ ಇರೋ ಸಾಧ್ಯತೆ ಶೇ 40, ಆ ಆರನೇ ಟರ್ನ್ ಹೊತ್ತಿಗೆ ಶೇ 63. ನೀವು ಕೊಟ್ಟಿದ್ದು ಹತ್ತರಲ್ಲಿ ಆರು ಆಟಕ್ಕೆ ಹಾಜರಿ ಹಾಕೋ ಕಾರ್ಡು, ತಗೊಂಡಿದ್ದು ಹತ್ತರಲ್ಲಿ ಎರಡು ಆಟಕ್ಕೆ ಬರೋದು, ಅದೂ ಲೇಟಾಗಿ. ಸೋಲ್ತಿರೋದಕ್ಕೆ ಅರ್ಧ ಕಾರಣ ಇಲ್ಲೇ ಇದೆ.

ಇನ್ನರ್ಧ ಎದುರಿನವನ ಕೈಯಲ್ಲಿ. ನೀವು ಇಡೀ ಟರ್ನ್ ಖರ್ಚು ಮಾಡಿ ಡ್ರ್ಯಾಗನ್ ಇಳಿಸ್ತೀರಿ, ಅದು ಆ ಟರ್ನ್ ಅಟ್ಯಾಕ್ ಮಾಡಂಗಿಲ್ಲ, ಒಂದು ಸುತ್ತು ಕಾಯ್ಬೇಕು. ಅಷ್ಟರಲ್ಲಿ ಅವನು ಅನ್‌ಸಮನ್ ಅಂತ ಒಂದು ಮಾನಾದ ಕಾರ್ಡ್ ಆಡಿ ಡ್ರ್ಯಾಗನ್ನ ನಿಮ್ಮ ಕೈಗೆ ವಾಪಸ್ ಕಳಿಸ್ತಾನೆ. ಕಾರ್ಡ್ ಲೆಕ್ಕದಲ್ಲಿ ಅವನಿಗೇ ಒಂದು ನಷ್ಟ, ನಿಮ್ಮ ಡ್ರ್ಯಾಗನ್ ಕೈಯಲ್ಲೇ ಇದೆಯಲ್ಲ. ಆದ್ರೆ ನೀವು ಆರು ಮಾನಾ ಸುರಿದ್ರಿ, ಅವನು ಒಂದು, ಉಳಿದ ಮಾನಾದಲ್ಲಿ ಅವನು ಎರಡು ಕ್ರೀಚರ್ ಇಳಿಸಿ ಹೊಡೀತಾ ಇರ್ತಾನೆ. ಇದನ್ನ ಆಟಗಾರರು ಟೆಂಪೋ ಅಂತಾರೆ. ಡೂಮ್ ಬ್ಲೇಡ್ ಇದ್ರೆ ಎರಡು ಮಾನಾಕ್ಕೆ ಡ್ರ್ಯಾಗನ್ ಕಥೆನೇ ಮುಗೀತು. ನಿಮ್ಮದೇ ಎರಡು ಬೋಲ್ಟ್ ಒಟ್ಟಿಗೆ ಹೊಡೆದ್ರೂ 6 ಡ್ಯಾಮೇಜ್, 5 ಟಫ್‌ನೆಸ್ ಡ್ರ್ಯಾಗನ್ ಸತ್ತುಹೋಗುತ್ತೆ: ಅಲ್ಲಿ ಅವನಿಗೆ ಎರಡು ಕಾರ್ಡ್ ಹೋಯ್ತು, ಮಾನಾ ಮಾತ್ರ ಎರಡೇ. ಅಂದ್ರೆ ಕಾರ್ಡ್ ಲೆಕ್ಕ ಬೇರೆ, ಮಾನಾ ಲೆಕ್ಕ ಬೇರೆ, ಎರಡನ್ನೂ ಪಕ್ಕಪಕ್ಕ ಬರೆದಿಟ್ಟು ನೋಡಿದ್ರೆನೇ ಯಾರು ಮುಂದಿದ್ದಾರೆ ಅಂತ ಗೊತ್ತಾಗೋದು.

ಇದಕ್ಕೆ ಮೊದಲ ಸೆಟ್‌ನಲ್ಲೇ ಒಂದು ಅದ್ಭುತ ಪಾಠ ಇದೆ, ನಾನು ಹೊಸಬರಿಗೆ ಮೊದಲು ತೋರಿಸೋದೇ ಇದು. 1993ರ ಆ ಸೆಟ್‌ನಲ್ಲಿ ಐದು ಬಣ್ಣಕ್ಕೆ ಐದು ಕಾರ್ಡ್, ಎಲ್ಲಾ ಒಂದೇ ಮಾನಾ, ಎಲ್ಲಾ "ಮೂರು ಏನೋ" ಕೊಡುತ್ತೆ. ಕೆಂಪು ಬೋಲ್ಟ್ 3 ಡ್ಯಾಮೇಜ್. ಬಿಳಿ ಹೀಲಿಂಗ್ ಸಾಲ್ವ್ 3 ಲೈಫ್ ಕೊಡುತ್ತೆ, ಇಲ್ಲಾ 3 ಡ್ಯಾಮೇಜ್ ತಡೆಯುತ್ತೆ. ಹಸಿರು ಜೈಂಟ್ ಗ್ರೋತ್ ಒಂದು ಕ್ರೀಚರ್‌ಗೆ ಆ ಟರ್ನ್ ಮುಗಿಯೋವರೆಗೂ +3/+3. ಕಪ್ಪು ಡಾರ್ಕ್ ರಿಚುವಲ್ 3 ಮಾನಾ. ನೀಲಿ ಆನ್ಸೆಸ್ಟ್ರಲ್ ರೀಕಾಲ್ 3 ಕಾರ್ಡ್. ಕಾಗದದ ಮೇಲೆ ಎಲ್ಲಾ ಸಮ ಸಮ ಅಲ್ವಾ? ಆನ್ಸೆಸ್ಟ್ರಲ್ ಎಷ್ಟು ಜಾಸ್ತಿ ಆಯ್ತು ಅಂದ್ರೆ (ಯಾವ ಕಾರ್ಡ್ ಹಾಕ್ಬಹುದು ಅನ್ನೋ ರೂಲಿನ ಪಟ್ಟಿಗೆ ಫಾರ್ಮ್ಯಾಟ್ ಅಂತಾರೆ) ಲೆಗಸಿ ಫಾರ್ಮ್ಯಾಟ್‌ನಲ್ಲಿ ಅದನ್ನ ಬ್ಯಾನ್ ಮಾಡಿದ್ದಾರೆ, ವಿಂಟೇಜ್‌ನಲ್ಲಿ ಡೆಕ್ಕಿಗೆ ಒಂದೇ ಒಂದು. ಹೀಲಿಂಗ್ ಸಾಲ್ವ್ ಮಾತ್ರ ಫ್ರೀಯಾಗಿ ಕೊಟ್ರೂ ಯಾರೂ ಡೆಕ್‌ಗೆ ಹಾಕಲ್ಲ.

ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡಿ, ಯಾಕಂದ್ರೆ ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇರೋದು. ಮೂರು ಲೈಫ್ ಬಂತು ಅಂದ್ರೆ ನಿಮ್ಮನ್ನ ಹೊಡೀತಿರೋ ಕ್ರೀಚರ್ ಅಲ್ಲೇ ನಿಂತಿದೆ, ಮುಂದಿನ ಟರ್ನ್ ಮತ್ತೆ ಹೊಡೆಯುತ್ತೆ, ಮನೆ ಸೋರ್ತಾ ಇರೋವಾಗ ಹಂಚು ಸರಿಮಾಡೋದು ಬಿಟ್ಟು ಬಕೆಟ್ ಇಟ್ಟಂಗೆ. ಬೋಲ್ಟ್ ಆ ಕ್ರೀಚರ್‌ನೇ ತೆಗೆಯುತ್ತೆ, ಅಂದ್ರೆ ಅದು ಮುಂದೆ ಮಾಡ್ತಿದ್ದ ಎಲ್ಲಾ ಡ್ಯಾಮೇಜೂ ಉಳಿತಾಯ. ಮೇಲಾಗಿ ಕ್ರೀಚರ್ ಇಲ್ದೇ ಇದ್ರೆ ನೇರ ಎದುರಾಳಿ ಮುಖಕ್ಕೇ ಹೊಡೀಬಹುದು, ಕೈಯಲ್ಲಿ ಕೊಳೆಯೋ ಪ್ರಶ್ನೆನೇ ಇಲ್ಲ. ಕೆಟ್ಟ ದಿನದಲ್ಲೂ ಏನಾದ್ರೂ ಕೆಲಸ ಮಾಡೋ ಕಾರ್ಡ್ ಇದು. ಡೂಮ್ ಬ್ಲೇಡ್ ಇಷ್ಟು ಉದಾರಿ ಅಲ್ಲ, ಕಪ್ಪು ಕ್ರೀಚರ್ ಮುಟ್ಟಲ್ಲ, ಎದುರಿನವನು ಕಪ್ಪು ಡೆಕ್ ಆಡ್ತಿದ್ರೆ ನಿಮ್ಮ ಕೈಯಲ್ಲಿ ಅದು ಬರೀ ರಟ್ಟು. ಆನ್ಸೆಸ್ಟ್ರಲ್ ಇನ್ನೂ ಒಂದು ಮೆಟ್ಟಿಲು ಮೇಲೆ, ಒಂದು ಕಾರ್ಡ್ ಕೊಟ್ಟು ಮೂರು ಕಾರ್ಡ್, ಆ ಮೂರರಲ್ಲಿ ಬೋಲ್ಟೂ ಇರ್ಬಹುದು. ಡಾರ್ಕ್ ರಿಚುವಲ್ ವಿಚಿತ್ರದ್ದು. ಅದು ಸ್ವಂತ ಏನೂ ಮಾಡಲ್ಲ, ಸಮಯ ಮಾತ್ರ ಕೊಡುತ್ತೆ, ಮೊದಲ ಟರ್ನ್‌ಗೇ ಮೂರು ಮಾನಾದ ಕೆಲಸ. ಆ ಸಮಯದಲ್ಲಿ ಮಾಡೋಕೆ ಭಯಂಕರವಾದ್ದೇನಾದ್ರೂ ಡೆಕ್‌ನಲ್ಲಿ ಇದ್ರೆ ಚಿನ್ನ, ಇಲ್ದಿದ್ರೆ ಒಂದು ಕಾರ್ಡ್ ದಂಡ. ಹೂಮಳೆ ಇದ್ದಂಗೆ ಅದು, ಮೊಗ್ಗು ಕಟ್ಟಿರೋ ತೋಟಕ್ಕೆ ಸರಿಯಾದ ಹೊತ್ತಿಗೆ ಬಿದ್ರೆ ಮಾತ್ರ ಬೆಲೆ.

ಈಗ ನೀವು ಹೇಳಿದ ರೇರ್ ವಿಷಯ. ಚಿನ್ನದ ಬಣ್ಣದ ಗುರುತು ಅಂದ್ರೆ ಪ್ಯಾಕ್‌ನಲ್ಲಿ ಕಮ್ಮಿ ಸಿಗುತ್ತೆ ಅಂತ ಮಾತ್ರ ಅರ್ಥ. ಕಪ್ಪು ಕಾಮನ್, ಬೆಳ್ಳಿ ಅನ್‌ಕಾಮನ್, ಚಿನ್ನ ರೇರ್, ಕಿತ್ತಳೆಗೆಂಪು ಮಿಥಿಕ್. ಈ ಬಣ್ಣದ ಪದ್ಧತಿ ಶುರುವಾಗಿದ್ದು 1998ರಲ್ಲಿ, ಮಿಥಿಕ್ ಬಂದಿದ್ದು 2008ರಲ್ಲಿ. ತುಂಬಾ ಗೊಂದಲದ ಕಾರ್ಡುಗಳನ್ನೂ, ಡ್ರಾಫ್ಟ್ (ಪ್ಯಾಕ್ ಒಡೆದು ಒಂದೊಂದೇ ಕಾರ್ಡ್ ಆರಿಸ್ಕೊಂಡು ಅಲ್ಲೇ ಡೆಕ್ ಕಟ್ಟೋ ಆಟ) ಆಡೋವಾಗ ಪದೇ ಪದೇ ಬಂದ್ರೆ ಆಟ ಕೆಡಿಸೋ ಕಾರ್ಡುಗಳನ್ನೂ ರೇರ್‌ಗೆ ತಳ್ತಾರೆ, ಹಾಗಾಗಿ ರೇರ್‌ನಲ್ಲಿ ಸ್ಟ್ರಾಂಗ್ ಇವೆ ಅನ್ನೋದು ನಿಜ, ರೇರ್ ಆಗಿರೋದ್ರಿಂದ ಸ್ಟ್ರಾಂಗ್ ಅನ್ನೋದು ಸುಳ್ಳು.

ರೇಟು ನೋಡಿ ಅಂದಾಜು ಮಾಡ್ತೀನಿ ಅಂತಾರೆ ಕೆಲವರು. ರೇರ್ ಗುರುತಿಗಿಂತ ಪರವಾಗಿಲ್ಲ, ಆದ್ರೂ ಕಾಲು ಜಾರುತ್ತೆ. ಟಾರ್ಮೊಗಾಯ್ಫ್ ಅಂತ 2007ರ ಎರಡು ಮಾನಾ ಕ್ರೀಚರ್, ಒಂದು ಕಾಲದಲ್ಲಿ ನೂರು ಡಾಲರ್ ಮೇಲೆ ಓಡ್ತಿತ್ತು, ಅಂಗಡೀಲಿ ಅದನ್ನ ಗಾಜಿನ ಒಳಗಿಟ್ಟು ಬೀಗ ಹಾಕ್ತಿದ್ವಿ. ಆಮೇಲೆ ಮತ್ತೆ ಮತ್ತೆ ಪ್ರಿಂಟ್ ಮಾಡಿದ್ರು, 2017ರಲ್ಲಿ ಫೇಟಲ್ ಪುಶ್ ಅಂತ ಒಂದು ಮಾನಾಕ್ಕೆ ಅದನ್ನ ಕೊಲ್ಲೋ ಕಾರ್ಡ್ ಬಂತು, ಆಟನೂ ಬದಲಾಯ್ತು, ಈಗ ಅದರ ಬೆಲೆ ಹಳೇದ್ರಲ್ಲಿ ಒಂದು ಚೂರು. ಕಾರ್ಡ್ ಮೇಲಿನ ಅಕ್ಷರ ಒಂದೂ ಬದಲಾಗಿಲ್ಲ ನೋಡಿ. ನಮ್ಮ ಮೆಣಸಿನ ರೇಟ್ ಕಂಡೋರಿಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ.

ಇಲ್ಲಿ ಪೋಕೆಮಾನ್ ಆಡೋ ಮಕ್ಕಳ ಅಪ್ಪ ಅಮ್ಮಂದಿರೂ ಓದ್ತಿರ್ತೀರಿ, ನಿಮಗೊಂದು. ಮೊದಲ ಬೇಸ್ ಸೆಟ್‌ನ ಚಾರಿಝಾರ್ಡ್ ಅಂದ್ರೆ ಪ್ರಪಂಚಕ್ಕೆಲ್ಲ ಗೊತ್ತು, ಕಲೆಕ್ಟರ್‌ಗಳು ಲಕ್ಷ ಲಕ್ಷ ಸುರೀತಾರೆ. 120 ಎಚ್‌ಪಿ, 100 ಡ್ಯಾಮೇಜ್. ಆದ್ರೆ ಆ ಹೊಡೆತಕ್ಕೆ ನಾಲ್ಕು ಎನರ್ಜಿ ಬೇಕು, ಚಾರ್ಮ್ಯಾಂಡರ್‌ನಿಂದ ಎರಡು ಸಲ ಇವಾಲ್ವ್ ಆಗ್ಬೇಕು, ಒಂದ್ಸಲ ಹೊಡೆದ್ರೆ ಎರಡು ಎನರ್ಜಿ ಬಿಸಾಕ್ಬೇಕು. ಟರ್ನ್‌ಗೆ ಒಂದೇ ಎನರ್ಜಿ ಹಾಕೋ ಆಟದಲ್ಲಿ ಇದು ನಾಲ್ಕು ಟರ್ನ್ ಕೆಲಸ, ಡಬಲ್ ಕಲರ್‌ಲೆಸ್ (ಒಂದೇ ಕಾರ್ಡಲ್ಲಿ ಎರಡು ಎನರ್ಜಿ) ಸಿಕ್ಕಿದ್ರೆ ಮೂರು. ಅದೇ ಸೆಟ್‌ನ ಹಿಟ್‌ಮಾನ್‌ಚಾನ್ ಅಂತ 70 ಎಚ್‌ಪಿಯ ಬೇಸಿಕ್ (ಇವಾಲ್ವ್ ಆಗ್ದೇ ನೇರ ಇಳಿಯೋದು), ಒಂದು ಎನರ್ಜಿಗೆ 20 ಡ್ಯಾಮೇಜ್, ಮೊದಲ ಟರ್ನ್‌ನಿಂದಲೇ ಗುದ್ದೋಕೆ ಶುರು. ಅವತ್ತಿನ ಟೂರ್ನಮೆಂಟ್‌ಗಳಲ್ಲಿ ಓಡಿದ್ದು ಹೇಮೇಕರ್ ಅನ್ನೋ ಡೆಕ್ಕು, ಅದ್ರಲ್ಲಿ ಇದ್ದಿದ್ದು ಹಿಟ್‌ಮಾನ್‌ಚಾನ್, ಚಾರಿಝಾರ್ಡ್ ಅಲ್ಲ. ಆಲ್ಬಂಗೆ ಒಂದು ಕಾರ್ಡ್, ಆಟಕ್ಕೆ ಒಂದು ಕಾರ್ಡ್, ಎರಡನ್ನೂ ಕಲಸಿಕೊಂಡ್ರೆ ಮಗು ಅಳುತ್ತೆ.

ಇನ್ನು ರೇಟಿಂಗು. ಹೊಸ ಸೆಟ್ ಬಂದಾಗ ರೇಟಿಂಗ್ ಕೊಡೋರು ಕಾರ್ಡ್‌ನ ಒಂಟಿಯಾಗಿ ನೋಡ್ತಾರೆ, ಡ್ರಾಫ್ಟ್‌ಗೆ ಕೊಟ್ಟ ರೇಟಿಂಗ್ ನಿಮ್ಮ 60ರ ಡೆಕ್‌ಗೆ ಆಗಲ್ಲ, ನಿಮ್ಮ ಡೆಕ್‌ಗೆ ಆಗಿದ್ದು ನಿಮ್ಮ ಅಣ್ಣನ ಡೆಕ್‌ಗೆ ಆಗಲ್ಲ. ಪಳಗಿದೋರೂ ತಪ್ಪಿದ್ದಾರೆ. 1995ರಲ್ಲಿ ನೆಕ್ರೊಪೊಟೆನ್ಸ್ ಅಂತ ಒಂದು ಕಾರ್ಡ್ ಬಂತು: ಟರ್ನ್‌ಗೊಂದು ಕಾರ್ಡ್ ಡ್ರಾ ಮಾಡೋದೇ ಬಂದ್, ಬದಲಿಗೆ ಒಂದೊಂದು ಲೈಫ್ ಕೊಟ್ಟು ಒಂದೊಂದು ಕಾರ್ಡ್ ತಗೊಳ್ಳಿ. ಲೈಫ್ ಕೊಡೋದಾ ಅಂತ ಜನ ಮುಖ ತಿರುಗಿಸಿದ್ರು. ಮುಂದಿನ ವರ್ಷ ಟೂರ್ನಮೆಂಟ್‌ಗಳನ್ನ ಅದೇ ನುಂಗಿಹಾಕ್ತು, ಹಳಬರು ಈಗಲೂ ಆ 1996ರ ಬೇಸಿಗೆನ ಕಪ್ಪು ಬೇಸಿಗೆ ಅಂತ ನೆನಪು ಮಾಡ್ಕೊಳ್ತಾರೆ. 20 ಲೈಫ್‌ನಲ್ಲಿ ಲೆಕ್ಕಕ್ಕೆ ಬರೋದು ಕೊನೇ ಒಂದು ಮಾತ್ರ, ಉಳಿದ 19 ಖರ್ಚು ಮಾಡೋಕೆ ಇರೋ ದುಡ್ಡು, ಇದು ಅವತ್ತು ತುಂಬಾ ಜನಕ್ಕೆ ಹೊಳೆದಿರ್ಲಿಲ್ಲ. ಮೇಲೆ ಹೀಲಿಂಗ್ ಸಾಲ್ವ್ ಯಾಕೆ ಬೇಡ ಅಂದೆನೋ ಅದೇ ಕಾರಣಕ್ಕೆ ನೆಕ್ರೊಪೊಟೆನ್ಸ್ ಬೇಕು.

ಹಾಗಾದ್ರೆ ನಾನು ಕಾರ್ಡ್ ಕೈಗೆತ್ಕೊಂಡಾಗ ಏನು ಮಾಡ್ತೀನಿ? ನಾಲ್ಕು ಹೊತ್ತು ಕಲ್ಪಿಸ್ಕೊಳ್ತೀನಿ. ಆಟ ಈಗಷ್ಟೇ ಶುರು, ಇಬ್ಬರೂ ಸಮಸಮ ನಿಂತು ಯಾರಿಗೂ ಮುಂದೆ ಹೋಗೋಕಾಗ್ತಿಲ್ಲ, ನಾನು ಗೆಲ್ತಿದ್ದೀನಿ, ನಾನು ಸೋಲ್ತಿದ್ದೀನಿ. ನಾಲ್ಕರಲ್ಲೂ ಈ ಕಾರ್ಡ್ ಎಳೆದ್ರೆ ಮುಖ ಹೆಂಗಿರುತ್ತೆ? ನಿಮ್ಮ ಡ್ರ್ಯಾಗನ್ ಶುರುವಿನಲ್ಲಿ ಭಾರ, ಸೋಲ್ತಿರೋವಾಗ ಬಂದ್ರೆ ಅಡ್ಡ ನಿಲ್ಲುತ್ತೆ ಆದ್ರೆ ಆರು ಲ್ಯಾಂಡ್ ಬಂದಿರ್ಬೇಕು. ಸಮಸಮ ನಿಂತಾಗ ಮಾತ್ರ ಅದಕ್ಕಿಂತ ಒಳ್ಳೇದು ಸಿಗಲ್ಲ, ಮೇಲಿಂದ ಹಾರಿ ಹೋಗಿ ನಾಲ್ಕು ಟರ್ನ್‌ನಲ್ಲಿ ಆಟ ಮುಗಿಸುತ್ತೆ, ಕೆಂಪು ಮಾನಾ ಸುರಿದ್ರೆ ಅದರ ಹೊಡೆತ ಜಾಸ್ತಿ ಆಗುತ್ತೆ, ಇನ್ನೂ ಬೇಗ. ಬೋಲ್ಟ್ ಸಮಸಮ ಇದ್ದಾಗ ಸ್ವಲ್ಪ ಸಪ್ಪೆ, ಉಳಿದ ಮೂರಲ್ಲೂ ಕೆಲಸಕ್ಕೆ ಬರುತ್ತೆ. ಇವೆರಡಕ್ಕಿಂತ ಕೆಟ್ಟ ಜಾತಿ ಇನ್ನೊಂದಿದೆ, ಗೆಲ್ತಿರೋವಾಗ ಮಾತ್ರ ಮಿಂಚೋದು. ನಮ್ಮ ಕುಟುಂಬ ಹಾಕಿಯಲ್ಲಿ ಐದು ಗೋಲ್ ಲೀಡ್ ಇದ್ದಾಗ ಮಾತ್ರ ಆರನೇದು ಹೊಡೆಯೋ ಒಬ್ಬ ಫಾರ್ವರ್ಡ್ ಇರ್ತಾನಲ್ಲ, ಫೋಟೋದಲ್ಲಿ ಅವನೇ ಮುಂದೆ. ಅಂಥ ಕಾರ್ಡನ್ನ ಗೆದ್ದ ಆಟದಲ್ಲೇ ನೋಡಿರ್ತೀವಿ, ಹಾಗಾಗಿ ಅದೇ ಗೆಲ್ಲಿಸ್ತು ಅಂತ ನೆನಪಲ್ಲಿ ಉಳಿದುಬಿಡುತ್ತೆ.

ಡ್ರ್ಯಾಗನ್ ಇಟ್ಕೊಂಡೇ ಡೆಕ್ ಕಟ್ಲಾ ಅಂದ್ರಿ. ಕಟ್ಬಹುದು. ಅದರ ಆರು ಮಾನಾ ಅನ್ನೋದು ಕಲ್ಲಲ್ಲಿ ಕೊರೆದಿದ್ದಲ್ಲ, ಡೆಕ್ ಬದಲಾದ್ರೆ ಖರ್ಚೂ ಬದಲಾಗುತ್ತೆ. ಹಸಿರು ಸೇರಿಸಿ ಮೊದಲ ಟರ್ನ್ ಲಾನೊವಾರ್ ಎಲ್ವ್ಸ್ (ಮಾನಾ ಕೊಡೋ ಸಣ್ಣ ಕ್ರೀಚರ್), ಎರಡನೇ ಟರ್ನ್ ರ‍್ಯಾಂಪಂಟ್ ಗ್ರೋತ್ (ಇನ್ನೊಂದು ಲ್ಯಾಂಡ್ ಇಳಿಸೋ ಕಾರ್ಡ್), ಪ್ರತಿ ಟರ್ನ್ ಲ್ಯಾಂಡ್ ಬಂದ್ರೆ ನಾಲ್ಕನೇ ಟರ್ನ್‌ಗೇ ಆರು ಮಾನಾ ರೆಡಿ. ಅಪಾಯ ಏನಂದ್ರೆ ನಿಮ್ಮ ಅಣ್ಣ ಮೊದಲ ಟರ್ನ್‌ನಲ್ಲೇ ಆ ಎಲ್ಫ್‌ಗೆ ಬೋಲ್ಟ್ ಹೊಡೀತಾನೆ, ಅದೂ ನೀವೇ ಕೊಟ್ಟ ಬೋಲ್ಟಿಂದ. ಇನ್ನೊಂದು ದಾರಿ ಕಪ್ಪು. ಡ್ರ್ಯಾಗನ್ನ ಹೆಂಗೋ ಸತ್ತ, ಬಿಸಾಕಿದ ಕಾರ್ಡು ಬೀಳೋ ಗ್ರೇವ್‌ಯಾರ್ಡ್‌ಗೆ ಕಳಿಸಿ ರೀಅನಿಮೇಟ್ ಅನ್ನೋ ಒಂದು ಮಾನಾ ಕಾರ್ಡಿಂದ ಎಬ್ಬಿಸೋದು, ಆಗ ಡ್ರ್ಯಾಗನ್ ಬೆಲೆ ಆರು ಮಾನಾ ಅಲ್ಲ, ಒಂದು ಮಾನಾ ಮತ್ತೆ 6 ಲೈಫ್. ಕೇಳೋಕೆ ಭರ್ಜರಿ, ಆದ್ರೆ ಡ್ರ್ಯಾಗನ್ನು, ಅದನ್ನ ಬಿಸಾಕೋ ಕಾರ್ಡು, ಎಬ್ಬಿಸೋ ಕಾರ್ಡು, ಮೂರೂ ಒಟ್ಟಿಗೆ ಬರ್ಬೇಕು, ಒಂದು ತಪ್ಪಿದ್ರೆ ಉಳಿದೆರಡು ಸುಮ್ನೆ ಕೂರುತ್ತೆ. ಅಷ್ಟು ಕಷ್ಟಪಡೋನು ಶಿವನ್‌ಗಿಂತ ದೊಡ್ಡ ರಾಕ್ಷಸನ್ನೇ ಎಬ್ಬಿಸ್ತಾನೆ ಅನ್ನೋದೂ ಸತ್ಯ. ನಿಮ್ಮ ಹತ್ರ ಒಂದೇ ಇರೋದ್ರಿಂದ ನಾನಾಗಿದ್ರೆ ಡ್ರ್ಯಾಗನ್ ಸುತ್ತ ಕಟ್ಟಲ್ಲ, ಕೆಂಪು ಡೆಕ್‌ನಲ್ಲಿ ಕೊನೇ ಹೊಡೆತಕ್ಕೆ ಒಂದು ಅಂತ ಇಟ್ಕೊಳ್ತೀನಿ. 40 ಕಾರ್ಡಿನ ಡ್ರಾಫ್ಟ್ ಏನಾದ್ರೂ ಆಡಿದ್ರೆ ಲೆಕ್ಕ ತಲೆಕೆಳಗು ಮತ್ತೆ, ಅಲ್ಲಿ ಕೊಲ್ಲೋ ಕಾರ್ಡ್ ಎಲ್ಲರ ಹತ್ರನೂ ಕಮ್ಮಿ, ಆಟ ನಿಧಾನ, ನಾಲ್ಕು ಬೋಲ್ಟ್ ಸಿಗೋದೇ ಕನಸು, ಅಲ್ಲಿ ಡ್ರ್ಯಾಗನ್ ಕಂಡ್ರೆ ಕಣ್ಮುಚ್ಚಿ ತಗೊಳ್ಳಿ.

ಬೂಸ್ಟರ್ ಪ್ಯಾಕ್ ಬೇಡ. ಅಂಗಡಿಯಲ್ಲಿ ಮಾರ್ತಿದ್ದೋನೇ ಹೇಳ್ತಿದ್ದೀನಿ. ಈಗಿನ ಪ್ಯಾಕ್ 14 ಕಾರ್ಡ್, ಒಂದು ರೇರ್ ಗ್ಯಾರಂಟಿ, ನಿಮಗೆ ಬೇಕಾದ ರೇರ್ ಗ್ಯಾರಂಟಿ ಇಲ್ಲ. ಒಡೆಯೋ ಮಜಾಕ್ಕೆ ತಗೊಳ್ಳಿ, ಡೆಕ್ ಕಟ್ಟೋಕೆ ಅಲ್ಲ. ಬೇಕಾದ ಕಾರ್ಡ್ ಗೊತ್ತಿದ್ರೆ ಸಿಂಗಲ್ ತಗೊಳ್ಳೋದೇ ಅಗ್ಗ, ಆದ್ರೆ ಆನ್‌ಲೈನ್ ತಗೊಂಡ್ರೆ ನಕಲಿ ಬರೋ ಭಯ ಇದೆ, ಶಿಪ್ಪಿಂಗ್ ಖರ್ಚು ಕಾರ್ಡಿಗಿಂತ ಜಾಸ್ತಿ ಆಗೋದೂ ಇದೆ, ನಾಲ್ಕೈದು ಜನ ಸೇರಿ ಒಟ್ಟಿಗೆ ತರಿಸ್ಕೊಳ್ಳಿ. ಇನ್ನೂ ಒಂದು ದಾರಿ, ನೀವೆಲ್ಲ ಸೇರಿ ಪಾಪರ್ ಆಡಿ, ಕಾಮನ್ ಆಗಿ ಪ್ರಿಂಟ್ ಆಗಿರೋ ಕಾರ್ಡ್ ಮಾತ್ರ ಹಾಕೋ ಫಾರ್ಮ್ಯಾಟ್ ಅದು. ಬೋಲ್ಟ್ ಅಲ್ಲಿ ರಾಜ, ಖರ್ಚು ಕಮ್ಮಿ, ಬೆಂಗಳೂರಿನವನ ದುಡ್ಡಿಗೆ ಅಲ್ಲಿ ಅಷ್ಟು ಬಲ ಇಲ್ಲ.

ದುಡ್ಡು ಹಾಕೋ ಮೊದಲು ಟೆಸ್ಟ್ ಮಾಡಿ. ಹಳೇ ಲ್ಯಾಂಡ್ ಕಾರ್ಡ್ ಮೇಲೆ ಚೀಟಿ ಇಟ್ಟು, ಹೆಸರು ಬರೆದು, ಸ್ಲೀವ್ (ಕಾರ್ಡಿನ ಪ್ಲಾಸ್ಟಿಕ್ ಕವರ್) ಹಾಕಿ ಆಡಿ. ಮನೇಲಿ ಆಡೋಕೆ ಇದು ತಪ್ಪಲ್ಲ, ಟೂರ್ನಮೆಂಟ್‌ಗೆ ತಗೊಂಡು ಹೋಗಂಗಿಲ್ಲ, ಮಾರಂಗಂತೂ ಇಲ್ವೇ ಇಲ್ಲ. ಜುಲೈನಲ್ಲಿ ಕರೆಂಟ್ ಹೋದ್ರೆ ಹೆಂಗೂ ಬೇರೆ ಕೆಲಸ ಇರಲ್ಲ. ಒಂದು ನೋಟ್‌ಬುಕ್ ಇಟ್ಕೊಂಡು ಟೆಸ್ಟ್ ಮಾಡೋ ಕಾರ್ಡ್ ಕೈಗೆ ಬಂದಾಗೆಲ್ಲ ಬರೀರಿ: ಯಾವ ಟರ್ನ್‌ಗೆ ಬಂತು, ಯಾವ ಟರ್ನ್‌ಗೆ ಆಡಿದೆ, ಅದರ ಜಾಗದಲ್ಲಿ ಬೇರೆ ಏನಾದ್ರೂ ಇದ್ದಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತಾ. ಗೆದ್ದೆ ಸೋತೆ ಅಂತ ಮಾತ್ರ ಬರೆದ್ರೆ ಹತ್ತಿಪ್ಪತ್ತು ಆಟದಲ್ಲಿ ಏನೂ ಗೊತ್ತಾಗಲ್ಲ, ಅದೃಷ್ಟದ ಏರಿಳಿತವೇ ಜಾಸ್ತಿ ಇರುತ್ತೆ. ಒಂದೇ ಕಾಪಿ ಹಾಕಿ ಟೆಸ್ಟ್ ಮಾಡ್ಬೇಡಿ, ನಾಲ್ಕು ಹಾಕಿ, ಆಗ ಬೇಗ ಬೇಗ ಕೈಗೆ ಬರುತ್ತೆ, ತೀರ್ಮಾನ ಆದ್ಮೇಲೆ ಕಮ್ಮಿ ಮಾಡಿ.

ಬಾಗಿದ್ದಕ್ಕೆ ಡೂಪ್ಲಿಕೇಟ್ ಅಂತ ಹೆದರ್ಬೇಡಿ. ಫಾಯಿಲ್ ಕಾರ್ಡ್‌ನಲ್ಲಿ ಒಂದು ಕಡೆ ಹೊಳೆಯೋ ಪದರ, ಇನ್ನೊಂದು ಕಡೆ ಕಾಗದ. ಕಾಗದ ತೇವ ಕುಡಿದು ಉಬ್ಬುತ್ತೆ, ಹೊಳಪಿನ ಪದರ ಉಬ್ಬಲ್ಲ, ಹಾಗಾಗಿ ಚಿತ್ರದ ಕಡೆಗೆ ಬಟ್ಟಲಿನ ಥರ ಬಾಗುತ್ತೆ. ನಮ್ಮ ಮಳೆಗಾಲದಲ್ಲಿ ಬಾಗದೇ ಇರೋ ಫಾಯಿಲ್ ನಾನು ನೋಡಿಲ್ಲ. ಬೋಲ್ಟ್ ಮಾಮೂಲಿ ಕಾರ್ಡ್, ಅದಕ್ಕೇ ಬಾಗಿರ್ಲಿಲ್ಲ. ಒಲೆ ಮೇಲಿನ ಅಟ್ಟಕ್ಕೆ, ಹೀಟರ್ ಪಕ್ಕಕ್ಕೆ ಇಡ್ಬೇಡಿ, ಈ ಕಡೆಯಿಂದ ಆ ಕಡೆಗೆ ಬಾಗುತ್ತೆ ಅಷ್ಟೇ. ಸ್ಲೀವ್ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ಬದಲಾಯಿಸ್ತಾ ಇರಿ. ನಾನು ಮಡಿಕೇರಿಗೆ ಬಂದ ಮೊದಲ ವರ್ಷ ಒಂದು ಪೂರ್ತಿ ಡಬ್ಬಿ ಬೂಷ್ಟು ಹಿಡಿಸ್ಕೊಂಡೆ, ಅದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ. ಟೂರ್ನಮೆಂಟ್‌ಗೆ ಹೋದ್ರೆ ಆ ಬಾಗಿದ ಕಾರ್ಡ್ ಡೆಕ್‌ನಲ್ಲಿ ಇಡ್ಬೇಡಿ, ಕಟ್ಟಿನ ಮಧ್ಯೆ ಅದು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತೆ, ಗುರುತು ಮಾಡಿದ ಕಾರ್ಡ್ ಅಂತ ಜಡ್ಜ್ ದಂಡ ಹಾಕ್ತಾನೆ, ನಾನೇ ಹಾಕಿದ್ದೀನಿ. ಅಸಲಿ ನಕಲಿ ನೋಡೋಕೆ ಒಂದು ಭೂತಗನ್ನಡಿ ತಗೊಂಡು ಹಿಂಬದಿಯ ಐದು ಬಣ್ಣದ ಚುಕ್ಕೆಯಲ್ಲಿ ಹಸಿರು ಚುಕ್ಕೆ ಒಳಗೆ ನೋಡಿ, ಅಸಲಿಯಲ್ಲಿ ನಾಲ್ಕು ಸಣ್ಣ ಕೆಂಪು ಚುಕ್ಕೆ ಎಲ್ ಆಕಾರದಲ್ಲಿ ಇರುತ್ತೆ. ಮಡಚಿ ನೋಡೋ ಟೆಸ್ಟ್ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಮತ್ತೆ "ಇದು 1993ರ ಮೊದಲ ಎಡಿಷನ್ ಫಾಯಿಲ್" ಅಂತ ಅಣ್ಣ ಏನಾದ್ರೂ ಹೇಳಿದ್ರೆ ನಗ್ಬಿಡಿ, ಮ್ಯಾಜಿಕ್ ಪ್ಯಾಕ್‌ನಲ್ಲಿ ಫಾಯಿಲ್ ಬರೋಕೆ ಶುರುವಾಗಿದ್ದೇ 1999ರಲ್ಲಿ.

ಬೋಲ್ಟ್ ವಾಪಸ್ ಕೇಳೋದು ನಿಮಗೆ ಬಿಟ್ಟಿದ್ದು, ನಾನಾಗಿದ್ರೆ ಜಗಳ ಮಾಡಲ್ಲ, ಕೊಟ್ಟಿದ್ದು ಕೊಟ್ಟಿದ್ದೇ. ಅವನು ಯಾವ ಡೆಕ್ ಆಡ್ತಾನೆ ಅಂತ ನೀವು ಬರೆದಿಲ್ಲ. ಕೆಂಪು ಬಿಟ್ಟು ಬೇರೆ ಬಣ್ಣಕ್ಕೆ ಹೋಗಿದ್ರೆ ಅವನಿಗೂ ಬೋಲ್ಟ್ ಸುಮ್ನೆ ಬಿದ್ದಿರುತ್ತೆ, ಆಗ ಡ್ರ್ಯಾಗನ್ ಕೊಟ್ಟು ಎರಡು ಬೋಲ್ಟ್ ಮತ್ತೆ ಅವನ ಡಬ್ಬಿಯಿಂದ ಕೆಂಪು ಒಂದು ಮಾನಾ ಕ್ರೀಚರ್ ನಾಲ್ಕು ಅಂತ ಕೇಳಿ ನೋಡಿ. ನಾಲ್ಕೂ ಬೋಲ್ಟ್ ಹೊಡೆದ್ರೂ ಆಗೋದು 12 ಡ್ಯಾಮೇಜು, ಉಳಿದ ಎಂಟನ್ನ ಹೊಡೆಯೋರು ಆ ಸಣ್ಣ ಕ್ರೀಚರ್‌ಗಳೇ, ಅವನ ಕಣ್ಣಿಗೆ ಅವು ಕಸ, ಸುಲಭವಾಗಿ ಕೊಡ್ತಾನೆ. ಕೇಳೋದಾದ್ರೆ ಡ್ರ್ಯಾಗನ್ ಮೊದಲು ಒಂದು ವಾರ ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಟ್ಟು ನೆಟ್ಟಗೆ ಮಾಡ್ಕೊಂಡು ಹೋಗಿ.